ಉಪಚಾರಕ್ಕೆ ಮೂರು ದಿನ ಸಾಕು

ಕರಾವಳಿಯ ಮನೆಗಳಲ್ಲಿ ಬಂದವರಿಗೆ ಮೊದಲು ಬೆಲ್ಲ-ನೀರು, ಆಮೇಲೆ ಮಾತು. ಮದುವೆಗೆ ಕರೆಯಲು ಬಂದ ನೆಂಟರಿಗೂ ಅಷ್ಟೇ, ದಾರಿ ತಪ್ಪಿ ಅಂಗಳಕ್ಕೆ ಬಂದವರಿಗೂ ಅಷ್ಟೇ. ಹೊರದೇಶದ ವಾಲಂಟಿಯರ್ ಒಬ್ಬರನ್ನು ಆರು ತಿಂಗಳೋ ವರ್ಷವೋ ಮನೆಯಲ್ಲಿ ಇಟ್ಟುಕೊಳ್ಳುವಾಗ ಕೈಕೊಡುವುದು ಈ ಒಳ್ಳೆಯ ಅಭ್ಯಾಸವೇ. ನೆಂಟರಿಗೆ ಮಾಡುವ ಉಪಚಾರವನ್ನು ವರ್ಷವಿಡೀ ಮಾಡುವ ತ್ರಾಣ ಯಾವ ಮನೆಯಾಕೆಗೂ ಇರುವುದಿಲ್ಲ. ಮಾಡಿಸಿಕೊಳ್ಳುವ ತಾಳ್ಮೆ ಬಂದವರಿಗೂ ಇರುವುದಿಲ್ಲ. ಮೂರನೇ ವಾರಕ್ಕೆ ಮನೆಯವರಿಗೆ ಸುಸ್ತು, ಬಂದವರಿಗೆ ಉಸಿರು ಕಟ್ಟಿದ ಹಾಗೆ. ಜಗಳ ಆಗುವುದಿಲ್ಲ, ಮಾತು ಕಡಿಮೆ ಆಗುತ್ತದೆ, ರೂಮಿನ ಬಾಗಿಲು ಮುಚ್ಚಿಕೊಳ್ಳುತ್ತದೆ, ಆಮೇಲೆ ಸಂಸ್ಥೆಯವರಿಗೆ ಫೋನು ಹೋಗುತ್ತದೆ.

ಮಂಗಳೂರು, ಉಡುಪಿ ಕಡೆ ಹೀಗೆ ಬರುವವರಲ್ಲಿ ಹೆಚ್ಚಿನವರು ಹದಿನೆಂಟರಿಂದ ಇಪ್ಪತ್ತೈದರ ಪ್ರಾಯದವರು. ವಿಶೇಷ ಮಕ್ಕಳ ಶಾಲೆ, ವೃದ್ಧಾಶ್ರಮ, ಪರಿಸರದ ಕೆಲಸ ಇಂಥವುಗಳಿಗೆ ಬರುತ್ತಾರೆ. ಅವರನ್ನು ಇಟ್ಟುಕೊಳ್ಳಲು ಒಪ್ಪಿದ ಮನೆಯವರಿಗೆ ಸಂಸ್ಥೆಗಳು ಕೊಡುವ ಕೈಪಿಡಿಯಲ್ಲಿ ‘ಸಂಸ್ಕೃತಿಗಳ ವಿನಿಮಯ’ ಎಂದೆಲ್ಲ ಇರುತ್ತದೆ. ಬಕೆಟಿಗೆ ಮೊದಲು ತಣ್ಣೀರು ಹಾಕಲು ಹೇಳಿಕೊಡಬೇಕು ಎಂದು ಇರುವುದಿಲ್ಲ. ಈ ಬರಹ ಆ ಎರಡನೆಯ ಜಾತಿಯ ಮಾತುಗಳದ್ದು.

ಮೊದಲು ಕಾಗದಪತ್ರ. ಇದರಲ್ಲಿ ಸಂಕೋಚ ಬೇಡ. ವೀಸಾ ಪುಟದ ಪ್ರತಿಯನ್ನು ಬರುವ ಮೊದಲೇ ತರಿಸಿಕೊಂಡು ಓದಿ. ಪ್ರವಾಸಿ ವೀಸಾದಲ್ಲಿ ಬಂದವರು ಹಣದ ವ್ಯವಹಾರವಿಲ್ಲದ ಸ್ವಯಂಸೇವೆಯನ್ನು ಹೆಚ್ಚೆಂದರೆ ಒಂದು ತಿಂಗಳು ಮಾಡಬಹುದು. ಆರು ತಿಂಗಳು, ವರ್ಷ ಎಂದಾದರೆ ಎನ್‌ಜಿಒ ಹೆಸರು ನಮೂದಾದ ಎಂಪ್ಲಾಯ್‌ಮೆಂಟ್ ವೀಸಾ ಬೇಕು. ಸಂಸ್ಥೆಯವರು ‘ಅದೆಲ್ಲ ನಡೆಯುತ್ತದೆ’ ಎಂದರೆ ನಂಬಬೇಡಿ. ವಿದೇಶಿಯೊಬ್ಬರು ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡುವುದು ಮನೆಯ ಯಜಮಾನರ ಹೊಣೆ, ಸಂಸ್ಥೆಯದ್ದಲ್ಲ. ಜನರ ಬಾಯಲ್ಲಿ ಇದು ಇನ್ನೂ ‘ಫಾರ್ಮ್ ಸಿ’. 1946ರ ವಿದೇಶಿಯರ ಕಾಯ್ದೆ ಹೋಗಿ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದರೂ ಮನೆಯವರ ಈ ಹೊಣೆ ಹಾಗೇ ಉಳಿದಿದೆ. ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯ (ಎಫ್‌ಆರ್‌ಆರ್‌ಒ) ಜಾಲತಾಣದಲ್ಲಿ ಮನೆಯ ವಿಳಾಸ ಕೊಟ್ಟು ಮೊದಲು ಒಂದು ಖಾತೆ ತೆರೆಯಬೇಕು. ಅದನ್ನು ಅವರು ವಿಮಾನ ಹತ್ತುವ ಮುಂಚಿನ ವಾರವೇ ಮಾಡಿಟ್ಟುಕೊಳ್ಳಿ. ಬಂದ ರಾತ್ರಿ ಕರೆಂಟೂ ಇಲ್ಲ, ಒಟಿಪಿಯೂ ಬರುವುದಿಲ್ಲ.

ತಪ್ಪಾಗುವುದು ಸಣ್ಣ ಸಣ್ಣ ಕಡೆ. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು, ಮನೆತನದ ಹೆಸರು ಬೇರೆ ಕಾಲಂ, ಕೊಟ್ಟ ಹೆಸರು ಬೇರೆ ಕಾಲಂ. ಅಮೆರಿಕದವರು ತಿಂಗಳನ್ನು ಮೊದಲು ಬರೆದು ಆಮೇಲೆ ದಿನ ಬರೆಯುತ್ತಾರೆ. 5/8 ಅಂದರೆ ನಮಗೆ ಆಗಸ್ಟ್, ಅವರಿಗೆ ಮೇ. ಭಾರತಕ್ಕೆ ಬಂದ ದಿನಾಂಕ ಬೇರೆ, ನಿಮ್ಮ ಮನೆಗೆ ಬಂದ ದಿನಾಂಕ ಬೇರೆ. ನಡುವೆ ಬೆಂಗಳೂರಿನಲ್ಲಿ ತರಬೇತಿಗೆ ನಾಲ್ಕು ದಿನ ಉಳಿದಿದ್ದರೆ ಎರಡೂ ಒಂದೇ ಎಂದು ಬರೆಯಬೇಡಿ. 180 ದಿನಕ್ಕೂ ಹೆಚ್ಚಿನ ವೀಸಾ ಆದರೆ ಬಂದ 14 ದಿನದೊಳಗೆ ಅವರು ಇ-ಎಫ್‌ಆರ್‌ಆರ್‌ಒ ಮೂಲಕ ನೋಂದಣಿ ಮಾಡಿಸಬೇಕು, ಅದಕ್ಕೆ ನೀವು ತುಂಬಿದ ಫಾರ್ಮಿನ ಪ್ರತಿಯೇ ವಿಳಾಸದ ಆಧಾರ. ಹಾಗಾಗಿ ಪ್ರಿಂಟ್ ಎರಡು ತೆಗೆದಿಡಿ. ಇನ್ನೊಂದು: ಗುಡ್ಡ ಹತ್ತುವ ಹವ್ಯಾಸದವರು ಕೆಲವರು ಉಪಗ್ರಹ ಸಂಪರ್ಕದ ಪುಟ್ಟ ಸಾಧನಗಳನ್ನು ಬ್ಯಾಗಿಗೆ ಸಿಕ್ಕಿಸಿಕೊಂಡು ಬರುತ್ತಾರೆ. ಅನುಮತಿ ಇಲ್ಲದೆ ಅದನ್ನು ಭಾರತಕ್ಕೆ ತರುವುದೇ ಅಪರಾಧ. ಹೊರಡುವ ಮೊದಲೇ ಹೇಳಿ, ಮನೆಯಲ್ಲೇ ಬಿಟ್ಟು ಬರಲಿ.

ಇನ್ನು ರೂಮು. ಫ್ಲ್ಯಾಟಿನಲ್ಲಿ ಇರುವವರಿಗೆ ಇದು ಸುಲಭ. ಹಂಚಿನ ಮನೆಯವರಿಗೆ ಕಷ್ಟ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಊರೆಲ್ಲ ಕೆಂಪು ಮಾಡು, ಅಂದರೆ ಕೆಂಪು ಛಾವಣಿ, ಆಯಿತು. ಹಳೆಯ ಹಂಚಿನ ಮನೆಗಳಲ್ಲಿ ಒಳಗಿನ ಗೋಡೆ ಬಹಳ ಸಲ ಮಾಡಿನವರೆಗೆ ಏರುವುದಿಲ್ಲ. ಗಾಳಿಗೆ ಒಳ್ಳೆಯದೇ, ಆದರೆ ಒಂದು ಕೋಣೆಯ ಪಿಸುಮಾತು ಇನ್ನೊಂದು ಕೋಣೆಯ ನಿದ್ದೆ ಕೆಡಿಸುತ್ತದೆ. ಜರ್ಮನಿ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಅಪ್ಪ ಅಮ್ಮ ಊಟ ಮುಗಿಸಿ ಎಂಟು ಗಂಟೆಗೆ ವಿಡಿಯೊ ಕಾಲ್ ಮಾಡಿದರೆ ಇಲ್ಲಿ ರಾತ್ರಿ ಹನ್ನೊಂದೂವರೆ, ಡಿಸೆಂಬರಿನಲ್ಲಾದರೆ ಹನ್ನೆರಡೂವರೆ. ನಾಲ್ಕೂವರೆಗೆ ಎದ್ದು ದನದ ಹಾಲು ಕರೆಯುವ ಮನೆಯಲ್ಲಿ ಇದು ದೊಡ್ಡ ವಿಷಯ. ದೊಡ್ಡ ಪರಿಹಾರವೇನೂ ಬೇಡ: ಕಾಲ್ ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಲಿ, ಉಳಿದ ದಿನ ಮಾಡಬೇಕಾದರೆ ಜಗಲಿಯಲ್ಲಿ ಕೂತು ಮಾತಾಡಲಿ. ಮೊದಲ ದಿನವೇ ಹೇಳಿದರೆ ಅದು ನಿಯಮ. ಎರಡು ತಿಂಗಳು ಸಹಿಸಿ ಹೇಳಿದರೆ ಅದು ಆಕ್ಷೇಪ.

ಬಾಗಿಲಿನ ಬಗ್ಗೆಯೂ ಎರಡು ಮಾತು. ನಮ್ಮಲ್ಲಿ ಹಗಲು ಹೊತ್ತು ಕೋಣೆಯ ಬಾಗಿಲು ಮುಚ್ಚಿದೆ ಎಂದರೆ ಹುಷಾರಿಲ್ಲ, ಇಲ್ಲವೇ ಕೋಪ. ಅವರಲ್ಲಿ ಬಾಗಿಲು ಮುಚ್ಚುವುದು ದಿನಚರಿ. ಇಡೀ ದಿನ ಅರ್ಥವಾಗದ ಮಾತುಗಳ ನಡುವೆ ಇದ್ದವರಿಗೆ ಸಂಜೆ ಒಂದು ಗಂಟೆ ಒಬ್ಬರೇ ಇರುವುದು ಔಷಧಿಯಷ್ಟೇ ಅಗತ್ಯ. ಅಜ್ಜಿಗೆ ಇದನ್ನು ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ ಹತ್ತು ನಿಮಿಷಕ್ಕೊಮ್ಮೆ “ಎಂತ ಮಗಾ, ಹುಷಾರಿಲ್ವಾ?” ಎಂದು ಬಾಗಿಲು ದೂಡುತ್ತಾರೆ. ಗುಡಿಸಲು ಹೋಗುವಾಗಲೂ ಬಾಗಿಲು ತಟ್ಟಬೇಕು. ಆ ಕೋಣೆಯನ್ನು ಗುಡಿಸುವ ಕೆಲಸವನ್ನು ಅವರಿಗೇ ಬಿಟ್ಟರೆ ಇನ್ನೂ ಒಳ್ಳೆಯದು. ಒಳಗಿನಿಂದ ಹಾಕುವ ಚಿಲಕ ಸರಿ ಇದೆಯೇ ನೋಡಿ. ಪಾಸ್‌ಪೋರ್ಟ್ ಇಡಲು ಬೀಗವಿರುವ ಒಂದು ಖಾನೆ ಕೊಡಿ, ಕೀಲಿ ಅವರ ಹತ್ತಿರವೇ ಇರಲಿ.

ಕರೆಂಟಿನ ವಿಷಯದಲ್ಲಿ ಯುರೋಪಿನವರಿಗೆ ತೊಂದರೆ ಕಡಿಮೆ, ಅಲ್ಲಿಯೂ 230 ವೋಲ್ಟ್. ತೆಳು ಎರಡು ಕಡ್ಡಿಯ ಪ್ಲಗ್ ನಮ್ಮ ಸಾಕೆಟಿಗೆ ಹೋಗುತ್ತದೆ, ಸ್ವಲ್ಪ ಸಡಿಲ. ಲ್ಯಾಪ್‌ಟಾಪಿನ ದಪ್ಪ ಉರುಟು ಪ್ಲಗ್‌ಗೆ ಅಡಾಪ್ಟರ್ ಬೇಕೇ ಬೇಕು, ಒತ್ತಿ ಸಿಕ್ಕಿಸಿದರೆ ಅರ್ಥ್ ಸಿಗುವುದಿಲ್ಲ. ಅಮೆರಿಕದವರು 120 ವೋಲ್ಟಿನ ಹೇರ್ ಡ್ರೈಯರ್ ತಂದಿದ್ದರೆ ಅದು ಹೊಗೆ ಬಿಡುವ ಮೊದಲು ಪೆಟ್ಟಿಗೆಗೆ ಸೇರಲಿ. ಇನ್ವರ್ಟರಿನಲ್ಲಿ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಹಾಕಬಾರದು ಎಂದು ಹೇಳಿ. ಪವರ್ ಕಟ್ ಎನ್ನುವುದೇ ಅವರಿಗೆ ಹೊಸತು.

ಬಚ್ಚಲಿಗೆ ಬರೋಣ. ಹಂಡೆ ಇರುವ ಮನೆಯಾದರೆ ಪಕ್ಕದಲ್ಲಿ ನಿಂತು ತೋರಿಸಿ. ಬಕೆಟಿಗೆ ಮೊದಲು ಅರ್ಧ ತಣ್ಣೀರು, ಮೇಲಿನಿಂದ ಬಿಸಿನೀರು, ಕೈ ಅದ್ದಿ ನೋಡಿ ಆಮೇಲೆ ತಂಬಿಗೆ. ಷವರಿನ ಕೆಳಗೆ ಬೆಳೆದವರು ಹಂಡೆಯ ನೀರನ್ನೇ ನೇರ ಮೈಗೆ ಸುರಿದುಕೊಳ್ಳುವ ಸಾಧ್ಯತೆ ಇದೆ. ಗೇರುಬೀಜದ ಸಿಪ್ಪೆ, ತೆಂಗಿನ ಗರಿ ಹಾಕಿ ಉರಿಸಿದ ಒಲೆಯ ಹಂಡೆ ಹೊರಗಿನಿಂದ ನೋಡಿದರೆ ಎಷ್ಟು ಬಿಸಿ ಎಂದು ಗೊತ್ತಾಗುವುದಿಲ್ಲ. ಪಾಯಿಖಾನೆಯಲ್ಲಿ ಕಾಗದ ಹಾಕಿ ನೀರು ಬಿಡುವುದು ಅವರ ರೂಢಿ. ಗುಂಡಿಯ ಪಾಯಿಖಾನೆ, ಸಣ್ಣ ಸೆಪ್ಟಿಕ್ ಟ್ಯಾಂಕು ಇದ್ದಲ್ಲಿ ಅದು ಮಳೆಗಾಲದಲ್ಲಿ ಕಟ್ಟಿಕೊಳ್ಳುತ್ತದೆ. ಮುಚ್ಚಳವಿರುವ ಒಂದು ಬುಟ್ಟಿ ಇಡಿ, ಜೆಟ್ ಹೇಗೆ ಬಳಸುವುದೆಂದು ನಾಚಿಕೆ ಬಿಟ್ಟು ಹೇಳಿ. ಹುಡುಗಿಯರಿಗೆ ಪ್ಯಾಡನ್ನು ಎಲ್ಲಿ, ಹೇಗೆ ಹಾಕುವುದು ಎಂಬುದನ್ನು ಮೊದಲ ಸಂಜೆಯೇ ಮನೆಯ ಹೆಂಗಸರು ಹೇಳಬೇಕು. ಮುಟ್ಟಿನ ದಿನಗಳಲ್ಲಿ ಅಡುಗೆಮನೆ, ದೇವರ ಕೋಣೆಗೆ ಬರಬಾರದು ಎಂಬ ಕ್ರಮವನ್ನು ಅವರಿಗೂ ಅನ್ವಯಿಸುವ ಮನೆಯಾದರೆ, ಒಪ್ಪಂದಕ್ಕೂ ಮೊದಲು ಸಂಸ್ಥೆಗೆ ತಿಳಿಸಿ. ಬಂದ ಮೇಲೆ ಹೇಳುವ ವಿಷಯ ಅದಲ್ಲ. ಅವರು ಒಪ್ಪದಿದ್ದರೆ ಬೇರೆ ಮನೆ ಹುಡುಕಲು ಆಗ ಇನ್ನೂ ಸಮಯ ಇರುತ್ತದೆ.

ಊಟದ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಯಾಕೆಂದರೆ ಉಪಚಾರ ಅತಿಯಾಗುವುದು ಬಟ್ಟಲಿನ ಮುಂದೆಯೇ. ಬೇಡ ಎಂದರೆ ಇನ್ನೊಂದು ಸೌಟು, ಕೈ ಅಡ್ಡ ಹಿಡಿದರೆ ಬೆರಳ ಸಂದಿನಿಂದ ಇನ್ನೊಂದು ಚೂರು: ನಮ್ಮೊಳಗೆ ಇದು ಪ್ರೀತಿಯ ಆಟ, ಎರಡೂ ಕಡೆಯವರಿಗೆ ನಿಯಮ ಗೊತ್ತು. ಬಟ್ಟಲಲ್ಲಿ ಬಿಡುವುದು ಅಸಭ್ಯ ಎಂದು ಕಲಿತು ಬಂದ ಹುಡುಗನಿಗೆ ಗೊತ್ತಿಲ್ಲ. ಅವನು ಬಡಿಸಿದ್ದನ್ನೆಲ್ಲ ಕಷ್ಟಪಟ್ಟು ಮುಗಿಸುತ್ತಾನೆ, ಖಾಲಿ ಬಟ್ಟಲು ನೋಡಿ ನೀವು ಮತ್ತೆ ಬಡಿಸುತ್ತೀರಿ. ಹಾಗಾಗಿ ಮನೆಯಲ್ಲಿ ಒಂದು ತೀರ್ಮಾನ ಆಗಲಿ: ಅವರು ಒಮ್ಮೆ ‘ಸಾಕು’ ಎಂದರೆ ಸಾಕು. ಕುಚ್ಚಲಕ್ಕಿ ಅನ್ನ ಮೊದಲ ವಾರ ಅರ್ಧ ಸೌಟಿನಿಂದ ಶುರುವಾಗಲಿ. ದಪ್ಪ ಕಾಳು, ಅಗಿಯಲು ಹೊತ್ತು ಬೇಕು, ಹೊಟ್ಟೆಯಲ್ಲಿ ಭಾರ ಕೂರುತ್ತದೆ. ಬೆಳ್ತಿಗೆಯ ಬಿಳಿ ಅನ್ನವನ್ನೇ ಅಕ್ಕಿ ಎಂದು ತಿಳಿದವರಿಗೆ ಇದು ಬೇರೆಯೇ ಧಾನ್ಯ. ನಾಲ್ಕನೆಯ ದಿನದಿಂದ ಪಾತ್ರೆಗಳನ್ನು ನಡುವೆ ಇಟ್ಟುಬಿಡಿ, ಅವರೇ ಬಡಿಸಿಕೊಳ್ಳಲಿ. ಬೇಕಾದ್ದೆಷ್ಟು, ಇಷ್ಟವಾದ್ದು ಯಾವುದು ಎಂದು ಆಗ ನಿಮಗೂ ಗೊತ್ತಾಗುತ್ತದೆ.

ಖಾರಕ್ಕೆ ಹೆದರಿ ಅವರಿಗೆಂದೇ ಬೇರೆ ಅಡುಗೆ ಮಾಡುವುದು ಬೇಡ. ಬ್ರೆಡ್ಡು-ಜಾಮು, ನೂಡಲ್ಸು ಎಂದು ಶುರು ಮಾಡಿದರೆ ಅದೇ ಕಾಯಂ ಆಗುತ್ತದೆ, ಒಂದು ಮನೆಯಲ್ಲಿ ಎರಡು ಅಡುಗೆ ನಡೆಯುತ್ತದೆ. ಖಾರ ಇಲ್ಲದ್ದು ನಮ್ಮಲ್ಲೇ ಬೇಕಾದಷ್ಟು ಉಂಟು. ನೀರುದೋಸೆಗೆ ಕಾಯಿ-ಬೆಲ್ಲ, ಮೂಡೆ, ಪುಂಡಿ, ಒಂದೆಲಗದ ತಂಬುಳಿ, ಗಂಜಿಗೆ ತುಪ್ಪ. ಮೆಣಸಿನಲ್ಲಿ ಗುಂಟೂರು ಕಡಿಮೆ ಮಾಡಿ ಬ್ಯಾಡಗಿ ಹೆಚ್ಚು ಹಾಕಿದರೆ ಪುಳಿಮುಂಚಿಯ ಬಣ್ಣ ಹಾಗೇ ಇರುತ್ತದೆ, ಉರಿ ಇಳಿಯುತ್ತದೆ. ಎರಡು ತಿಂಗಳಿಗೆ ಬಂಗುಡೆಯ ಮುಳ್ಳು ಬಿಡಿಸುವುದನ್ನೂ ಕಲಿತಿರುತ್ತಾರೆ.

ಅಲರ್ಜಿ ಬೇರೆ, ಇಷ್ಟಾನಿಷ್ಟ ಬೇರೆ. ‘ಸ್ವಲ್ಪ ಹಾಕಿದ್ರೆ ಏನೂ ಆಗಲ್ಲ’ ಎಂಬ ಮಾತು ಇಲ್ಲಿ ಅಪಾಯ. ಬೀಜಗಳ ಅಲರ್ಜಿ ಇರುವವರಿಗೆ ಮಂಗಳೂರಿನ ಅಡುಗೆಮನೆ ಸುಲಭದ ಜಾಗವಲ್ಲ; ಗೇರುಬೀಜ ಪಾಯಸದಲ್ಲಿ ಕಾಣುತ್ತದೆ, ಅರೆದು ಹಾಕಿದ ಗ್ರೇವಿಯಲ್ಲಿ ಕಾಣುವುದಿಲ್ಲ. ಗೋಧಿ ಆಗದ ಸೀಲಿಯಾಕ್ ಕಾಯಿಲೆಯವರಿಗೆ ನಮ್ಮ ಅಕ್ಕಿಯ ಅಡುಗೆ ವರದಾನ ಎನಿಸುತ್ತದೆ, ಆದರೆ ಇಂಗು ಉಂಟಲ್ಲ! ಅಂಗಡಿಯ ಡಬ್ಬಿ ಇಂಗು ಸಾಮಾನ್ಯವಾಗಿ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿದ್ದು. ಸಾರಿನ ಒಂದು ಚಿಟಿಕೆ ಒಗ್ಗರಣೆಯಲ್ಲಿ ಅದು ಹೊಟ್ಟೆ ಸೇರುತ್ತದೆ. ಡಬ್ಬಿಯ ಹಿಂದೆ ಓದಿ, ಅಕ್ಕಿ ಹಿಟ್ಟು ಬೆರೆಸಿದ್ದು ಸಿಕ್ಕಿದರೆ ಅದನ್ನೇ ತನ್ನಿ. ವೀಗನ್ ಎಂದವರಿಗೆ ಮಜ್ಜಿಗೆ, ತುಪ್ಪ, ಚಾದ ಹಾಲು ಯಾವುದೂ ಇಲ್ಲ. ತೆಂಗಿನ ಹಾಲಿನ ಊರಿನಲ್ಲಿ ಅದೇನೂ ದೊಡ್ಡ ಕಷ್ಟವಲ್ಲ.

ನೀರನ್ನು ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು, ಅರ್ಧ ಗಂಟೆ ಗ್ಯಾಸ್ ಉರಿಸಬೇಕಾಗಿಲ್ಲ. ಕುದಿಸಿದ ಮೇಲೆ ಹಾಳಾಗುವುದೇ ಹೆಚ್ಚು. ತಂಬಿಗೆ ಅದ್ದಿ ತೆಗೆಯುವ ಕೊಡದಲ್ಲಿ ಇಡಬೇಡಿ, ನಲ್ಲಿ ಇರುವ ಸ್ಟೀಲ್ ಪಾತ್ರೆಯಲ್ಲಿ ಇಡಿ. ಕುಡಿಯುವ ನೀರು ಕುದಿಸಿ ಕೊಟ್ಟರೂ ಹೊಟ್ಟೆ ಕೆಟ್ಟರೆ ಚಟ್ನಿ, ಮಜ್ಜಿಗೆ, ಪುನರ್ಪುಳಿ ಶರಬತ್ತಿಗೆ ಹಾಕಿದ ನೀರು ಯಾವುದು ಎಂದು ನೋಡಿ; ಬಾವಿಯಿಂದ ನೇರ ಬಂದದ್ದಾಗಿರುತ್ತದೆ. ಆ ನೀರಿಗೆ ನಿಮ್ಮ ಹೊಟ್ಟೆ ಒಗ್ಗಿದೆ, ಅವರದ್ದಕ್ಕೆ ಸಮಯ ಬೇಕು. ಭೇದಿ ಶುರುವಾದರೆ ಓಆರ್‌ಎಸ್ ಪ್ಯಾಕೆಟ್ ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಬೇಕು, ಕಣ್ಣಳತೆಯಲ್ಲಿ ಅಲ್ಲ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಎಂದರೆ ಸಣ್ಣ ಟೀ ಚಮಚ, ಮಟ್ಟಸವಾಗಿ. ಉಪ್ಪು ಹಾಕಿದ ಗಂಜಿ ತೆಳಿಯೂ ಒಳ್ಳೆಯದೇ. ರಕ್ತ ಕಂಡರೆ, ಜ್ವರ ಬಂದರೆ ಮನೆಮದ್ದು ನಿಲ್ಲಿಸಿ ಆಸ್ಪತ್ರೆಗೆ ಹೊರಡಿ.

ಜ್ವರದ ವಿಷಯ ಇಲ್ಲಿ ಹಗುರ ಮಾಡುವಂತಿಲ್ಲ. ಮಲೇರಿಯ ಮಂಗಳೂರಿಗೆ ಹಳೆಯ ಕಾಟ, ಡೆಂಗಿ ಮಳೆಯೊಟ್ಟಿಗೆ ಬರುತ್ತದೆ, ಗದ್ದೆ ಕೆಸರಿಗೆ ಇಳಿದವರಿಗೆ ಇಲಿಜ್ವರದ ಭಯ. ಕಾಲಲ್ಲಿ ಗಾಯ ಇದ್ದವರನ್ನು ನೇಜಿ ನೆಡಲು ಕರೆದುಕೊಂಡು ಹೋಗಬೇಡಿ, ಫೋಟೊ ಎಷ್ಟೇ ಚೆಂದ ಬಂದರೂ. ಯುರೋಪಿನವರ ಔಷಧಿ ಚೀಲದಲ್ಲಿ ಐಬುಪ್ರೊಫೆನ್ ಇದ್ದೇ ಇರುತ್ತದೆ, ಜ್ವರ ಬಂದ ಕೂಡಲೇ ನುಂಗುತ್ತಾರೆ. ಡೆಂಗಿ ಇರಬಹುದಾದಾಗ ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್ ಕೊಟ್ಟು ರಕ್ತ ಪರೀಕ್ಷೆ ಮಾಡಿಸಿ. ನಾಯಿ ಕಚ್ಚಿದರೆ, ಪರಚಿದರೂ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಲಸಿಕೆ. ಊರಿನಲ್ಲೇ ಮುಂಚಿತವಾಗಿ ರೇಬಿಸ್ ಲಸಿಕೆ ಹಾಕಿಸಿಕೊಂಡು ಬಂದವರಿಗೂ ಮತ್ತೆರಡು ಡೋಸ್ ಬೇಕು, ಕಚ್ಚಿದ ದಿನ ಒಂದು, ಅದಾಗಿ ಮೂರು ದಿನಕ್ಕೆ ಇನ್ನೊಂದು. ‘ನಾನು ಹಾಕಿಸಿಕೊಂಡಿದ್ದೇನೆ’ ಎಂದು ಅವರು ಸುಮ್ಮನಿದ್ದರೆ ನೀವು ಸುಮ್ಮನಿರಬೇಡಿ. ವಿಮೆಯ ಕಾಗದದ ಪ್ರತಿ ಫ್ರಿಡ್ಜಿನ ಮೇಲೆ ಅಂಟಿಸಿಡಿ. ಆಸ್ಪತ್ರೆಯಲ್ಲಿ ಮುಂಗಡ ಕಟ್ಟಬೇಕಾಗಿ ಬಂದರೆ ಯಾರು ಕಟ್ಟುವುದು ಎಂದು ಸಂಸ್ಥೆಯ ಹತ್ತಿರ ಮೊದಲೇ ಬರೆಸಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಆ ಚರ್ಚೆ ಬೇಡ.

ಬೆಳಗ್ಗೆ ಬಿಸಿಲಿಗೆ ಹೆದರುವವರೂ ಜೂನ್ ಬಂದ ಮೇಲೆ ಬಿಸಿಲು ಕೇಳುತ್ತಾರೆ. ಬರ್ಲಿನ್‌ನಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಉಡುಪಿಯಲ್ಲಿ ಸುಮಾರು 4,000, ಅದರಲ್ಲಿ ಹೆಚ್ಚಿನದ್ದು ನಾಲ್ಕೇ ತಿಂಗಳಲ್ಲಿ. ಅವರು ತಂದ ಜೀನ್ಸ್ ಮೂರು ದಿನವಾದರೂ ಒಣಗುವುದಿಲ್ಲ, ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಹತ್ತಿಯ ಬಟ್ಟೆ ಹಾಕಬಹುದು. ಜಿಗಿಜಿಗಿ ಸಿಂಥೆಟಿಕ್ ಬಟ್ಟೆ ಬೇಡ, ಹೊಗೆಯ ವಾಸನೆ ಹಿಡಿದರೆ ಬಿಡುವುದಿಲ್ಲ, ಕಿಡಿ ಹಾರಿದರೆ ತೂತು. ಪಾಸ್‌ಪೋರ್ಟ್, ಕಾಗದಪತ್ರ ಜಿಪ್ ಚೀಲದಲ್ಲಿ.

ನಾಲ್ಕನೆಯ ದಿನದಿಂದ ಕೆಲಸ. ಇದು ಈ ಬರಹದ ಮುಖ್ಯ ಮಾತು. ಬಂದವರು ‘ಸಹಾಯ ಮಾಡಲಾ?’ ಎಂದಾಗ ‘ಬೇಡ ಬೇಡ, ಕೂತ್ಕೊಳ್ಳಿ’ ಎನ್ನುವುದು ಮರ್ಯಾದೆಯೆಂದು ನಾವು ತಿಳಿದಿದ್ದೇವೆ. ಕೆಲಸ ಇಲ್ಲದವರಿಗೆ ಮನೆಯಲ್ಲಿ ಜಾಗವೂ ಇರುವುದಿಲ್ಲ, ಎಲ್ಲಿ ಕೂತರೂ ಅಡ್ಡವೇ. ಕೆಲಸ ಕೊಡುವುದಾದರೆ ಆಗೊಮ್ಮೆ ಈಗೊಮ್ಮೆ ಕರೆದು ಹೇಳುವುದಲ್ಲ. ದಿನವೂ ಅವರದ್ದೇ ಆದ, ಅವರು ಮಾಡದಿದ್ದರೆ ನಿಲ್ಲುವ ಒಂದು ಕೆಲಸ ಬೇಕು. ರಾತ್ರಿ ಪಾತ್ರೆ, ಗಿಡಕ್ಕೆ ನೀರು, ಬೆಳಗ್ಗೆ ಅಂಗಳ ಗುಡಿಸುವುದು, ಕಾಯಿ ಹೆರೆಯುವುದು. ಮನೆಗೆಲಸದವರು ಬರುವ ಮನೆಯಾದರೆ ಅವರ ಕೆಲಸಕ್ಕೆ ಕೈ ಹಾಕಿಸಬೇಡಿ, ಅಲ್ಲಿ ಬೇರೆ ಲೆಕ್ಕ ಶುರುವಾಗುತ್ತದೆ.

ಕಾಯಿ ಹೆರೆಯುವುದನ್ನೇ ತೆಗೆದುಕೊಳ್ಳಿ. ಹೊಸಬರಿಗೆ ಒಡೆಯುವುದನ್ನು ಕೊಡಬೇಡಿ, ಒಡೆದ ಒಂದು ಕಡಿ ಮಾತ್ರ ಕೊಡಿ. ಮಣೆಯ ಮೇಲೆ ಒಂದು ಕಾಲು ಮಡಚಿ ಕೂರಲು ಸೊಂಟ ಒಪ್ಪುವುದಿಲ್ಲ, ಹಾಗಾಗಿ ಮೊದಲು ಎರಡೂ ಕಾಲು ಚಾಚಿಯೇ ಕೂರಲಿ. ಕಡಿಯನ್ನು ಎರಡೂ ಅಂಗೈಯಲ್ಲಿ ಹಿಡಿದು ಅಂಚಿನಿಂದ ತೊಡಗಿ ತಿರುಗಿಸುತ್ತಾ ಬರಬೇಕು, ಬೆರಳ ತುದಿ ಕರಟದ ಹೊರಗೇ ಇರಬೇಕು. ಎಲ್ಲರೂ ಮಾಡುವ ತಪ್ಪು ಒಂದೇ: ಬಲ ಹಾಕಿ ಒತ್ತುವುದು. ಒತ್ತಿದರೆ ಹಲ್ಲು ಕರಟದವರೆಗೆ ಹೋಗಿ ಕಂದು ಸಿಪ್ಪೆ ಬೀಳುತ್ತದೆ, ಚಟ್ನಿ ಕಪ್ಪಾಗುತ್ತದೆ. ಬಿಳಿ ತೆಳುವಾಗುತ್ತಾ ಬಂದ ಹಾಗೆ ಸದ್ದು ಬದಲಾಗುತ್ತದೆ, ಸರಸರ ಹೋಗಿ ಕರಕರ ಬರುತ್ತದೆ, ಅಲ್ಲಿಗೆ ನಿಲ್ಲಿಸುವುದು. ಮೊದಲ ಕಡಿಗೆ ಇಪ್ಪತ್ತು ನಿಮಿಷ ಹಿಡಿಯಲಿ. ಪಕ್ಕದಲ್ಲಿ ಕೂತು ಅಜ್ಜಿ ಬಸಳೆ ಹೆಚ್ಚುತ್ತಿದ್ದರೆ ಭಾಷೆ ಬಾರದ ಇಬ್ಬರ ನಡುವೆ ಸಂಬಂಧ ಬೆಳೆಯಲು ಬೇರೆ ಏರ್ಪಾಡು ಬೇಕಾಗಿಲ್ಲ.

ಭಾಷೆಯದ್ದು ಇಲ್ಲಿ ವಿಶೇಷ ಪೇಚು. ಕನ್ನಡದ ಪುಸ್ತಕ ಓದಿ ಬಂದವರು ತುಳು ಮಾತಾಡುವ ಮನೆಗೆ ಬಂದು, ಕೊಂಕಣಿಯ ಅಂಗಡಿಯಲ್ಲಿ ಸಾಮಾನು ತಂದು, ಬ್ಯಾರಿ ಮಾತಾಡುವ ರಿಕ್ಷಾದಲ್ಲಿ ಕೆಲಸಕ್ಕೆ ಹೋಗುತ್ತಾರೆ. ನಾವು ಒಂದರಿಂದ ಇನ್ನೊಂದಕ್ಕೆ ಹಾರುವುದು ನಮಗೇ ಗೊತ್ತಾಗುವುದಿಲ್ಲ. ಕಲಿತದ್ದೊಂದೂ ಕೇಳಿಸುತ್ತಿಲ್ಲ ಎಂದು ಅವರಿಗೆ ಗಾಬರಿ. ಮೊದಲ ತಿಂಗಳು ‘ಇದು ತುಳು’, ‘ಇದು ಕನ್ನಡ’ ಎಂದು ಹೇಳುತ್ತಿರಿ. ಕಲಿಸುವುದು ಒಂದನ್ನೇ, ಅವರು ಕೆಲಸ ಮಾಡುವಲ್ಲಿ ನಡೆಯುವುದನ್ನು. ಕರೆಯುವ ಕ್ರಮವನ್ನೂ ಮೊದಲ ದಿನವೇ ಹೇಳಿ. ಐವತ್ತರ ಹೆಂಗಸನ್ನು ಹೆಸರು ಹಿಡಿದು ಕರೆಯುವುದು ಅವರಲ್ಲಿ ಸಲುಗೆ, ಇಲ್ಲಿ ಅಂಗಳದ ಆಚೆಯವರೂ ತಿರುಗಿ ನೋಡುತ್ತಾರೆ. ಅಮ್ಮ, ಅಕ್ಕ, ಅಣ್ಣ, ಅಜ್ಜಿ ಎಂದು ಕಲಿಸಿದರೆ ಸಂತೋಷದಿಂದ ಕರೆಯುತ್ತಾರೆ.

ಹೊರಗೆ ತಿರುಗಾಟಕ್ಕೆ ಬಸ್ಸೇ ಒಳ್ಳೆಯದು. ‘ಸ್ಟೇಟ್ ಬ್ಯಾಂಕ್’ ಎಂದು ಕಂಡಕ್ಟರ್ ಕೂಗಿದರೆ ಅದು ಮಂಗಳೂರಿನ ಬಸ್‌ಸ್ಟ್ಯಾಂಡ್. ಉಡುಪಿಯಲ್ಲಿ ಸಿಟಿ ಬಸ್‌ಸ್ಟ್ಯಾಂಡ್ ಬೇರೆ, ಸರ್ವಿಸ್ ಬಸ್‌ಸ್ಟ್ಯಾಂಡ್ ಬೇರೆ. ಪ್ರೀತಿಯಿಂದ ಸ್ಕೂಟರಿನ ಕೀಲಿ ಮಾತ್ರ ಕೊಡಬೇಡಿ. ಅಂತಾರಾಷ್ಟ್ರೀಯ ಪರವಾನಗಿಯಲ್ಲಿ ದ್ವಿಚಕ್ರದ ವಿಭಾಗಕ್ಕೆ ಮುದ್ರೆ ಬೇರೆಯೇ ಇರಬೇಕು, ಕಾರಿನದ್ದು ನಡೆಯುವುದಿಲ್ಲ. ಅಪಘಾತವಾದರೆ ನಿಮ್ಮ ವಿಮೆಯೂ ಅವರ ವಿಮೆಯೂ ಕೈಯೆತ್ತಬಹುದು.

ಕಡಲಿನ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಈಜುಕೊಳದಲ್ಲಿ ಪದಕ ಗೆದ್ದವರಿಗೂ ಮಲ್ಪೆ, ಪಣಂಬೂರು, ಮರವಂತೆಯ ಮಳೆಗಾಲದ ಕಡಲು ಬೇರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೇ ರಜೆ. ಮೀನಿನ ಸಂತಾನಕ್ಕೆಂದು ಆ ನಿಷೇಧ ಇದ್ದರೂ ಆಗಿನ ಕಡಲು ದೋಣಿಗೂ ಹೇಳಿದ್ದಲ್ಲ. ಆ ತಿಂಗಳುಗಳಲ್ಲಿ ಮೊಣಕಾಲು ನೀರಿಗೂ ಬೇಡ. ಉಳಿದ ಕಾಲದಲ್ಲಿ ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ಎದುರು ಈಜದೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ತೋಟದಲ್ಲೂ ಒಂದು ಎಚ್ಚರ: ಎರಡು ತೆಂಗಿನಮರ ಕಂಡರೆ ಇವರಿಗೆ ನಡುವೆ ತೂಗುಮಂಚ ಕಟ್ಟುವ ಆಸೆ. ಬಿಡಬೇಡಿ. ಕಾಯಿ ಬೀಳುವುದು ಗೊತ್ತಿದ್ದವರು ಯಾರೂ ಅಲ್ಲಿ ಮಲಗುವುದಿಲ್ಲ.

ದೈವದ ಕೋಲ, ನೇಮ, ಯಕ್ಷಗಾನದ ಆಟ ಎಂದರೆ ಇವರು ಬಿಡದೆ ಬರುತ್ತಾರೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದರೆ ನೇಮವೂ ಮೇಳದ ತಿರುಗಾಟವೂ ನಿಲ್ಲುವುದರಿಂದ ಜೂನಿನಲ್ಲಿ ಬಂದವರಿಗೆ ದೀಪಾವಳಿಯ ಆಚೆಗೆ ಕಾಯಲು ಹೇಳಿ. ದೈವದ ಎದುರು ಕ್ಯಾಮೆರಾ ಹಿಡಿಯುವ ಮೊದಲು ಆ ಮನೆಯವರನ್ನೋ ಸ್ಥಳದವರನ್ನೋ ಕೇಳಬೇಕು, ಫ್ಲ್ಯಾಶ್ ಬೇಡವೇ ಬೇಡ. ಕೃಷ್ಣಮಠದಲ್ಲಿ ಗಂಡಸರು ಅಂಗಿ ತೆಗೆಯಬೇಕು, ದರ್ಶನ ನವಗ್ರಹ ಕಿಂಡಿಯಲ್ಲಿ ಎಂದು ಮೊದಲೇ ಹೇಳಿದರೆ ಬಾಗಿಲಲ್ಲಿ ಮುಜುಗರವಿಲ್ಲ.

ಹಣದ ಮಾತು ಒಂದು ಹಾಳೆಯಲ್ಲಿ ಬರೆದು ಮುಗಿಸಿ. ಸಂಸ್ಥೆ ಕೊಡುವ ಮೊತ್ತದಲ್ಲಿ ಎಷ್ಟು ಹೊತ್ತಿನ ಊಟ, ಬಟ್ಟೆ ಒಗೆಯುವುದು, ವೈಫೈ, ಎಸಿ ಇವುಗಳಲ್ಲಿ ಯಾವುದು ಸೇರಿದೆ. ಅವರ ಅಪ್ಪ ಅಮ್ಮ ನೋಡಲು ಬಂದರೆ ಎಲ್ಲಿ ಉಳಿಯುವುದು. ಸಂಜೆ ಎಷ್ಟರೊಳಗೆ ಮನೆ, ತಡವಾದರೆ ಯಾರಿಗೆ ಮೆಸೇಜ್. ಸಿಗರೇಟು, ಕುಡಿತ, ಗೆಳೆಯರು ಮನೆಗೆ ಬರುವುದು. ನಾಚಿಕೊಂಡು ಬಿಟ್ಟ ಸಾಲುಗಳೇ ಆಮೇಲೆ ಜಗಳದ ಸಾಲುಗಳು. ಅವರ ಫೋಟೊ ನಿಮ್ಮ ಸ್ಟೇಟಸ್‌ಗೆ ಹಾಕುವ ಮೊದಲು ಕೇಳಿ, ನಿಮ್ಮ ಮಕ್ಕಳ ಫೋಟೊ ಅವರು ಹಾಕುವ ಮೊದಲು ಕೇಳಲು ಹೇಳಿ.

ಇಷ್ಟೆಲ್ಲ ಮಾಡಿದರೂ ಎರಡನೆಯ ತಿಂಗಳ ಹೊತ್ತಿಗೆ ಒಂದು ಇಳಿತ ಬರುತ್ತದೆ. ಹೊಸತನ ಕಳೆದಿರುತ್ತದೆ, ಭಾಷೆ ಇನ್ನೂ ಕೈಗೆ ಬಂದಿರುವುದಿಲ್ಲ, ಶಾಲೆಯಲ್ಲಿ ತನ್ನಿಂದ ಏನೂ ಉಪಯೋಗವಿಲ್ಲ ಅನಿಸುತ್ತಿರುತ್ತದೆ. ಊಟ ಕಡಿಮೆ, ಮಾತು ಕಡಿಮೆ. ಇದನ್ನು ಮನೆಯ ಮೇಲಿನ ಅಸಮಾಧಾನ ಎಂದು ತಿಳಿದು ಇನ್ನಷ್ಟು ಉಪಚಾರ ಮಾಡಬೇಡಿ. ಭಾನುವಾರದ ಚಾ ಹೊತ್ತಿಗೆ ಅರ್ಧ ಗಂಟೆ ಕೂತು ‘ಈ ವಾರ ಯಾವುದು ಕಷ್ಟ ಆಯ್ತು, ನಮಗೆ ಯಾವುದು ಕಷ್ಟ ಆಯ್ತು’ ಎಂದು ಎರಡೂ ಕಡೆಯಿಂದ ಒಂದೊಂದು ಹೇಳುವ ರೂಢಿ ಇಟ್ಟುಕೊಂಡಿದ್ದರೆ ಆಗ ಕೆಲಸಕ್ಕೆ ಬರುತ್ತದೆ. ಒಗ್ಗಲೇ ಇಲ್ಲವೆಂದರೆ ಮನೆ ಬದಲಿಸುವುದು ಅವಮಾನವಲ್ಲ. ಅದನ್ನು ಸಂಸ್ಥೆಯವರ ಮೂಲಕ, ಎದುರೆದುರು ಕೂತು, ಒಂದು ವಾರದೊಳಗೆ ಮುಗಿಸಬೇಕು. ಎಳೆದಷ್ಟೂ ಊರೆಲ್ಲ ಕಥೆ.

ಹೊರಡುವ ವಾರದಲ್ಲಿ ಮತ್ತೆ ಉಪಚಾರ ತಲೆಯೆತ್ತುತ್ತದೆ, ಪೆಟ್ಟಿಗೆ ತುಂಬಿಸುವ ರೂಪದಲ್ಲಿ. ತುಪ್ಪದ ಬಾಟಲಿ ಬೇಡ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನ ಬಹುತೇಕ ದೇಶಗಳಿಂದ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಕಸದ ಬುಟ್ಟಿಗೆ ಹೋಗುತ್ತದೆ. ಕರಿಬೇವಿನ ಹಸಿ ಸೊಪ್ಪು ಸಸ್ಯ ಆರೋಗ್ಯದ ಪ್ರಮಾಣಪತ್ರ ಇಲ್ಲದೆ ಹೋಗುವುದಿಲ್ಲ, ಒಣಗಿಸಿ ಪುಡಿ ಮಾಡಿ ಕೊಡಿ. ಆ ಪ್ರಮಾಣಪತ್ರ ಬೇಡದ ಹಣ್ಣುಗಳು ಅಲ್ಲಿ ಐದೇ, ಅದರಲ್ಲಿ ನಮ್ಮ ಬಾಳೆಹಣ್ಣು, ತೆಂಗಿನಕಾಯಿ, ಅನಾನಸು ಸೇರಿವೆ. ಒಣ ಕೊಬ್ಬರಿಯನ್ನು ಮಾತ್ರ ವಿಮಾನದವರು ಒಪ್ಪುವುದಿಲ್ಲ, ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಸರಕಿನ ಪಟ್ಟಿಯಲ್ಲಿ ಅದಿದೆ. ಹಲಸಿನ ಹಪ್ಪಳ, ಸಾರಿನ ಪುಡಿ, ಬಾಳೆಕಾಯಿ ಚಿಪ್ಸ್ ಧಾರಾಳ ಹಾಕಿ, ಪುಡಿಗೆ ಎರಡು ಪದರ ಕವರ್. ನಿಮ್ಮ ಹೆಸರಿನಲ್ಲಿ ಸಿಮ್ ಕೊಡಿಸಿದ್ದರೆ ಅವರು ಹೊರಟ ದಿನವೇ ನಿಲ್ಲಿಸಿ. ಅವರನ್ನು ಬಿಟ್ಟು ಬಂದ ಮೇಲೆ ಅದೇ ಎಫ್‌ಆರ್‌ಆರ್‌ಒ ಖಾತೆಗೆ ಹೋಗಿ ಹೊರಟ ದಿನಾಂಕ ತುಂಬಿ.